ಗ್ರಿಲ್ ಕೊಳ್ಳುವಾಗ ಕಿಂಡಿ ನೋಡಿ

ಸಂಪಾದಕರೇ,

ಹಿತ್ತಲಲ್ಲಿ ಮೀನು, ಜೋಳದ ತೆನೆ ಸುಡೋಣ ಅಂತ ಕಳೆದ ವರ್ಷ ಅಗ್ಗದ ಇದ್ದಿಲು ಗ್ರಿಲ್ ತಂದಿದ್ದೆ. ತೆಳು ತಗಡು, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ತಳ ತೂತಾಯಿತು. ಈಗ ಹೊಸದು ಹುಡುಕುತ್ತಿದ್ದೇನೆ. ಅಂಗಡಿಯವರು ಬಣ್ಣ, ಚಕ್ರ ತೋರಿಸುತ್ತಾರೆ, ಆದರೆ ನೋಡಬೇಕಾದ್ದು ಮುಚ್ಚಳ ಮತ್ತು ಗಾಳಿಕಿಂಡಿ ಅಲ್ವಾ? ಕಿಂಡಿ ತೆರೆದರೆ ಕೆಂಡ ಜೋರಾಗುತ್ತದೆ, ಮುಚ್ಚಿದರೆ ತಣಿಯುತ್ತದೆ, ಕಿಂಡಿಯೇ ಇಲ್ಲದ ಡಬ್ಬಿಯಲ್ಲಿ ಕೋಳಿ ಹೊರಗೆ ಕರಕಲು, ಒಳಗೆ ಹಸಿ. ಬೀಡುಕಬ್ಬಿಣದ ಜಾಲರಿ ಭಾರ, ಎಣ್ಣೆ ಸವರಿಡಬೇಕು, ಆದರೂ ಬಿಸಿ ಚೆನ್ನಾಗಿ ಹಿಡಿಯುತ್ತದೆ. ಗ್ಯಾಸ್ ಗ್ರಿಲ್ ಸುಲಭ, ಒಪ್ಪುತ್ತೇನೆ. ಇದ್ದಿಲಿನ ಘಮ ಮಾತ್ರ ಬರುವುದಿಲ್ಲ.

ಮಳೆ ಬಂತೆಂದು ಕೆಂಡದ ಗ್ರಿಲ್ಲನ್ನು ಮನೆಯೊಳಗೆ ಎಳೆದುಕೊಳ್ಳಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಈ ಎಚ್ಚರಿಕೆಯನ್ನು ಪೆಟ್ಟಿಗೆ ಮೇಲೆ ಕನ್ನಡದಲ್ಲೂ ಮುದ್ರಿಸಲಿ.

– ಒಬ್ಬ ಓದುಗ, ಸಾಗರ