ಕ್ಯಾಮೆರಾದ ಈಚೆ ಬರುವ ಮುನ್ನ

ಹೊನ್ನಾವರ

ಚಿ. ಶ್ರೀನಿಧಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಅಪ್ಪ ಫೋನು ಮಾಡಿ ಎಲ್ಲ ಹೇಳಿದ. ಎರಡು ಸಿನಿಮಾ, ಮೂರು ಧಾರಾವಾಹಿಯಲ್ಲಿ ನಟಿಸಿದ ಮೇಲೆ ಈಗ ನಿರ್ಮಾಪಕರೊಬ್ಬರು ನಿನ್ನ ಕಥೆ ಕೇಳಿ, "ನಿರ್ದೇಶನವೂ ನಿಮ್ಮದೇ, ಹೀರೋ ಕೂಡ ನೀವೇ" ಎಂದಿದ್ದಾರಂತೆ. ಬಹಳ ಸಂತೋಷ. ಒಪ್ಪಿಕೋ, ಬೇಡ ಎಂದು ಹೇಳಲು ಈ ಕಾಗದವಲ್ಲ. ನೀನು ಒಪ್ಪಿಕೊಂಡಾಗಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಮನೆಯವರು ಹಿಂದೆಮುಂದೆ ನೋಡಿದಾಗ ಶಂಕರ್‌ನಾಗ್ ಹೆಸರು ಹೇಳಿ ಒಪ್ಪಿಸಿದೆಯಂತೆ. ಆ ಹೆಸರು ಹೇಳಿದ ಮೇಲೆ ಅವರು ನಡೆದ ದಾರಿಯನ್ನೂ ಸರಿಯಾಗಿ ನೋಡಬೇಕು, ಮಗಾ.

ಜನ ಅವರನ್ನು ಮೊದಲು ಹೀರೋ, ಆಮೇಲೆ ನಿರ್ದೇಶಕ ಎಂದುಕೊಂಡಿದ್ದಾರೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡು. ನಮ್ಮ ಹೊನ್ನಾವರದಲ್ಲಿ 1954ರ ನವೆಂಬರ್ 9ರಂದು ಹುಟ್ಟಿದವರು. ಸಿನಿಮಾಕ್ಕೆ ಬರುವ ಮುಂಚೆಯೇ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ್ದರು. 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಬಂತು, ಅದರ ಗಂಡುಗಲಿಯ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಅದರ ಮರುವರ್ಷ '22 ಜೂನ್ 1897' ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲಿ ಅವರ ಕೈಯಿತ್ತು. 'ಮಿಂಚಿನ ಓಟ' ನಿರ್ದೇಶಿಸಿದ್ದು 1980ರಲ್ಲಿ; ಆಟೋ ಓಡಿಸುವ ಹೀರೋ ಆಗಿ ಮನೆಮಾತಾದದ್ದೂ ಅದೇ ವರ್ಷ. ಅಂದರೆ ಮಾಸ್ ಹೀರೋ ಆಗಿ ಬೇರೂರಿದ ಮೇಲೆ ನಿರ್ದೇಶನಕ್ಕೆ ಕೈ ಹಾಕಿದವರಲ್ಲ. ನಾಟಕ ಕಟ್ಟಿದ್ದರು, ಚಿತ್ರಕಥೆ ಬರೆದಿದ್ದರು, ಆಮೇಲೆ ನಿರ್ದೇಶಿಸಿದರು. ನಟನೆ ಅದರ ಜೊತೆಜೊತೆಗೇ ನಡೆಯಿತು.

ನಿನ್ನಲ್ಲಿ ಕಡಿಮೆ ಇರುವುದು ಈ ನಡುವಿನ ಮೆಟ್ಟಿಲು. ನಟನಿಗೆ ದೃಶ್ಯ ಕಾಣುವುದು ತನ್ನ ಮಾತಿನ ಕಿಂಡಿಯಿಂದ. ಸೀನ್ ಪೇಪರ್ ಕೈಗೆ ಬಂದ ಕೂಡಲೇ ಕಣ್ಣು ತನ್ನ ಹೆಸರು ಹುಡುಕುತ್ತದೆ. ಅದು ತಪ್ಪಲ್ಲ, ಆ ಕಸುಬಿನ ಅಭ್ಯಾಸ. ಆದರೆ ನಿರ್ದೇಶಕ ನೋಡಬೇಕಾದ ಜಾಗ ಬೇರೆ. ಆ ಜಾಗ ಬದಲಾಯಿಸುವ ಕೆಲಸವನ್ನು ಸೆಟ್ಟಿನಲ್ಲಿ ಮಾಡಲಾಗದು, ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು.

ಮೊದಲ ಕೆಲಸ ಇದು. ನಿನ್ನ ಪಾತ್ರ ಇರುವ ಐದು ದೊಡ್ಡ ದೃಶ್ಯಗಳನ್ನು ಆರಿಸಿಕೋ. ಪ್ರತಿ ದೃಶ್ಯವನ್ನೂ ಎದುರಿನವನ ಕಡೆಯಿಂದ ಹೊಸದಾಗಿ ಬರೆ: ಅವನು ಯಾಕೆ ಬಂದ, ಏನು ಪಡೆಯದೆ ಹೋಗಲಾರ, ಯಾವ ಮಾತಿಗೆ ಅವನ ಮನಸ್ಸು ತಿರುಗಿತು. ಬರೆಯಲು ಏನೂ ಸಿಗದಿದ್ದರೆ ಆ ದೃಶ್ಯದಲ್ಲಿ ಎದುರಿನವನು ನಿನ್ನ ಮಾತಿಗೆ ಹೂಂಗುಟ್ಟಲು ನಿಂತವನಷ್ಟೇ ಎಂದು ಗೊತ್ತಾಗುತ್ತದೆ. ನಟರು ಬರೆದ ಚಿತ್ರಕಥೆಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ. 1984ರ 'ಆಕ್ಸಿಡೆಂಟ್' ನೋಡು. ಶಂಕರ್ ತಾವೇ ನಿರ್ದೇಶಿಸಿ, ತಾವೇ ಪತ್ರಕರ್ತನ ಪಾತ್ರ ಮಾಡಿದ ಚಿತ್ರ. ನಶೆಯಲ್ಲಿ ಕಾರು ಓಡಿಸಿದ ಹುಡುಗ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿಸುತ್ತಾನೆ. ಅವನ ತಂದೆ ರಾಜಕಾರಣಿ. ಆ ತಂದೆಯ ಪಾತ್ರವನ್ನು ಅಣ್ಣ ಅನಂತ್‌ನಾಗ್‌ಗೆ ಕೊಟ್ಟು, ಚಿತ್ರದ ಭಾರವನ್ನು ಅಲ್ಲಿಗೂ ಹೊರಿಸಿದರು. ಸಾಮಾಜಿಕ ವಿಷಯದ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎದುರಿನ ಪಾತ್ರಕ್ಕೆ ತನ್ನಷ್ಟೇ ಬಲ ಕೊಡುವ ಧೈರ್ಯ ನಟ-ನಿರ್ದೇಶಕನಿಗೆ ಬೇಕು.

ಬರೆದಾದ ಮೇಲೆ ಗಡಿಯಾರ ಹಿಡಿ. ಪುಟಕ್ಕೊಂದು ನಿಮಿಷ ಎನ್ನುವ ಲೆಕ್ಕವನ್ನು ನಂಬಬೇಡ. ಎಲ್ಲ ಮಾತುಗಳನ್ನೂ ನಾಲ್ಕು ಜನ ಕೂತು ಗಟ್ಟಿಯಾಗಿ ಓದಿಸಿ, ಪ್ರತಿ ದೃಶ್ಯದ ಪಕ್ಕ ಸಮಯ ಬರೆದುಕೋ. ಓದುವಾಗ ಯಾರೂ ಬಾಗಿಲು ತೆರೆದು ಒಳಗೆ ಬರುವುದಿಲ್ಲ, ಕೂರುವುದಿಲ್ಲ, ಸುಮ್ಮನಿರುವುದಿಲ್ಲ. ಸೆಟ್ಟಿನಲ್ಲಿ ಅದೆಲ್ಲ ಆಗುತ್ತದೆ. ಆದ್ದರಿಂದ ಓದಿದ ಸಮಯಕ್ಕೆ ಕಾಲುಭಾಗ ಸೇರಿಸು. ಚಿತ್ರ 120 ನಿಮಿಷದ್ದು, ನಿರ್ಮಾಪಕರು ಕೊಟ್ಟಿರುವುದು 30 ದಿನ ಎಂದರೆ ದಿನಕ್ಕೆ ನಾಲ್ಕು ನಿಮಿಷದ ಚಿತ್ರ ತೆಗೆಯಬೇಕು. ಇದರಲ್ಲಿ ಹಾಡಿಗೆ, ಹೊಡೆದಾಟಕ್ಕೆ ದಿನಗಳು ಹೋದರೆ ಟಾಕಿ, ಅಂದರೆ ಮಾತಿನ ಭಾಗಕ್ಕೆ ದಿನಕ್ಕೆ ಐದು ನಿಮಿಷ ಬೀಳುತ್ತದೆ. ನೀನೂ ನಟಿಸುವ ದಿನ ನಾಲ್ಕೇ ಬರೆದುಕೋ. ಮೇಕಪ್ಪು, ಬಟ್ಟೆ ಬದಲಾವಣೆ, ಶಾಟ್ ಮುಗಿಸಿ ಮಾನಿಟರ್ ತನಕ ಓಡಾಟ, ಎಲ್ಲ ಸೇರಿ ಒಂದೂವರೆ ಗಂಟೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಶಂಕರ್ ಕಾಲದಲ್ಲಿ ಈ ಲೆಕ್ಕವನ್ನು ಫಿಲಂ ಡಬ್ಬಿಯೇ ಕಲಿಸುತ್ತಿತ್ತು. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿಯ ಡಬ್ಬಿ ನಾಲ್ಕೂವರೆ ನಿಮಿಷದೊಳಗೆ ಖಾಲಿ. ಎರಡೂಕಾಲು ಗಂಟೆಯ ಚಿತ್ರವೆಂದರೆ 12,150 ಅಡಿ. ಒಂದಕ್ಕೆ ನಾಲ್ಕರಷ್ಟು ತೆಗೆದರೆ 48,600 ಅಡಿ, ಹೆಚ್ಚುಕಡಿಮೆ 122 ಡಬ್ಬಿ. ಪ್ರತಿ ಡಬ್ಬಿಗೂ ನಿರ್ಮಾಪಕ ದುಡ್ಡು ಎಣಿಸುತ್ತಿದ್ದ. ಹಾಗಾಗಿ ತಾಲೀಮು ಮುಗಿಯದೆ ಕ್ಯಾಮೆರಾ ಓಡುತ್ತಿರಲಿಲ್ಲ. ಈಗ ಕಾರ್ಡು ತುಂಬಿದರೆ ಇನ್ನೊಂದು ಕಾರ್ಡು. ಮೂರು ಟೇಕಿನ ಜಾಗದಲ್ಲಿ ಹನ್ನೆರಡು ಆಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಆದರೆ ದಿನಕ್ಕೆ ನಾಲ್ಕು ಗಂಟೆಯ ದೃಶ್ಯ ಸೇರಿಸಿಟ್ಟರೆ ಸಂಕಲನಕಾರ ಅದನ್ನು ನೋಡುವುದಕ್ಕೇ ಅರ್ಧ ದಿನ ಬೇಕು. ಒಂದು ಶಾಟಿಗೆ ಐದು ಟೇಕ್ ಎಂದು ಮನಸ್ಸಿನಲ್ಲಿ ಡಬ್ಬಿಯೊಂದನ್ನು ಇಟ್ಟುಕೋ. ಐದರಲ್ಲಿ ಬರದಿದ್ದರೆ ತಪ್ಪು ನಟನದ್ದಾಗಿರುವುದು ಕಡಿಮೆ. ಮಾತು ಬಾಯಿಗೆ ಕೂರುತ್ತಿಲ್ಲ, ಇಲ್ಲವೇ ನಡೆಯುವ ಜಾಗ ತಪ್ಪಾಗಿದೆ. ಅದನ್ನು ಬದಲಾಯಿಸು.

ಈಗ ಮುಖ್ಯ ವಿಷಯ. ನೀನೇ ಚೌಕಟ್ಟಿನೊಳಗೆ ನಿಂತಿರುವಾಗ ಹೊರಗಿನಿಂದ ನೋಡುವವರು ಯಾರು? ಕ್ಯಾಮೆರಾಮನ್ ಬೆಳಕು ನೋಡುತ್ತಾರೆ, ಫೋಕಸ್ ನೋಡುತ್ತಾರೆ. ನಟನೆ ನೋಡಲು ಒಬ್ಬರು ಬೇಕೇ ಬೇಕು. ನಿನ್ನ ಅಸೋಸಿಯೇಟ್, ಅಂದರೆ ಸಹ ನಿರ್ದೇಶಕರಾಗಿ ನಿನಗಿಂತ ಹೆಚ್ಚು ಚಿತ್ರ ಮಾಡಿದ, ನಿನಗೆ ಹೆದರದ ವ್ಯಕ್ತಿಯನ್ನು ಕರೆ. 'ಕಟ್' ಹೇಳುವ ಅಧಿಕಾರ, 'ಇನ್ನೊಂದು ಬೇಕು' ಎನ್ನುವ ಅಧಿಕಾರ, ಎರಡನ್ನೂ ಮುಹೂರ್ತದ ದಿನವೇ ಇಡೀ ಯೂನಿಟ್ಟಿನ ಎದುರು ಅವರಿಗೆ ಕೊಡು. ಗುಟ್ಟಾಗಿ ಕೊಟ್ಟರೆ ಯಾರೂ ಅವರ ಮಾತು ಕೇಳುವುದಿಲ್ಲ. ಗೆಳೆಯನೆಂಬ ಕಾರಣಕ್ಕೆ ಒಬ್ಬನನ್ನು ಅಲ್ಲಿ ಕೂರಿಸಿದರೆ ಪ್ರತಿ ಟೇಕೂ ಅವನಿಗೆ ಸೂಪರ್ ಆಗಿಯೇ ಕಾಣುತ್ತದೆ.

ನಿನ್ನಷ್ಟೇ ಎತ್ತರದ ಹುಡುಗನೊಬ್ಬ ಯೂನಿಟ್ಟಿನಲ್ಲಿರಲಿ. ತಾಲೀಮಿನಲ್ಲಿ ನಿನ್ನ ಜಾಗದಲ್ಲಿ ಅವನು ನಡೆಯಲಿ, ನೀನು ಕ್ಯಾಮೆರಾ ಪಕ್ಕ ನಿಂತು ಪೂರ್ತಿ ದೃಶ್ಯ ನೋಡು. ನೆಲದ ಗುರುತುಗಳು ಅವನ ಕಾಲಿಗೆ ಬೀಳಲಿ. ಆಮೇಲೆ ನೀನು ಹೋಗಿ ಅದೇ ಗುರುತಿನ ಮೇಲೆ ಒಮ್ಮೆ ನಡೆದುಬಿಟ್ಟರೆ ನೇರ ಟೇಕು. ಹೀಗೆ ಮಾಡದವರು ತಾವೇ ನಿಂತು, ಓಡಿ ಬಂದು ನೋಡಿ, ಮತ್ತೆ ಹೋಗಿ ನಿಂತು, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ನಟನೆ ಸೊರಗುತ್ತದೆ.

ಒಂದು ಸೂಕ್ಷ್ಮ ಹೇಳುತ್ತೇನೆ, ಇದನ್ನು ಮರೆಯಬೇಡ. ನಟ-ನಿರ್ದೇಶಕ ಎದುರಿನವರ ಮಾತು ಕೇಳುವಾಗ ಅವನ ತುಟಿ ಅಲುಗುತ್ತದೆ. ಆ ಮಾತು ಅವನೇ ಬರೆದದ್ದು, ನೂರು ಸಲ ಓದಿದ್ದು. ತಿಳಿಯದೆಯೇ ತುಟಿ ಜೊತೆಗೆ ಹೇಳಿಕೊಳ್ಳುತ್ತದೆ. ಕಣ್ಣು ಪಾತ್ರದ ಕಣ್ಣಾಗಿ ಉಳಿಯದೆ, ಎದುರಿನವರು ಮಾತು ಸರಿಯಾಗಿ ಹೇಳಿದರೋ ಇಲ್ಲವೋ ಎಂದು ಅಳೆಯುವ ಕಣ್ಣಾಗುತ್ತದೆ. ಮಾನಿಟರ್ ಚಿಕ್ಕದಿದ್ದರೆ ಸೆಟ್ಟಿನಲ್ಲಿ ಇದು ಕಾಣುವುದೇ ಇಲ್ಲ. ಸಂಕಲನದ ಮೇಜಿನ ಮೇಲೆ ಕ್ಲೋಸಪ್ಪು ಬಂದಾಗ ಎದ್ದು ಕಾಣುತ್ತದೆ, ಆಗ ಆ ಶಾಟನ್ನು ಬಿಸಾಡುವುದಲ್ಲದೆ ಬೇರೆ ದಾರಿಯಿಲ್ಲ. ಅಸೋಸಿಯೇಟ್ ಮೊದಲು ನೋಡಬೇಕಾದದ್ದು ನಿನ್ನ ತುಟಿಯನ್ನು. ಮತ್ತೊಂದು ಉಪಾಯವಿದೆ: ಎದುರಿನ ನಟರ ಮಾತಿನ ಒಂದೆರಡು ಪದ ಬದಲಾಯಿಸಿ ಹೇಳಲು ಅವರಿಗೆ ಬಿಡು. ನಿನಗೆ ಗೊತ್ತಿಲ್ಲದ ಪದ ಬಂದಾಗ ನೀನು ನಿಜವಾಗಿ ಕೇಳಿಸಿಕೊಳ್ಳುತ್ತೀಯೆ.

ಎದುರಿನವರ ಕ್ಲೋಸಪ್ಪು ಮೊದಲು ತೆಗೆ, ನಿನ್ನದು ಆಮೇಲೆ. ಅವರು ತಾಜಾ ಇದ್ದಾಗ ಒಳ್ಳೆಯದು ಸಿಗುತ್ತದೆ, ಹೊಸ ನಿರ್ದೇಶಕನ ಮೇಲೆ ಹಿರಿಯ ನಟರಿಗೆ ನಂಬಿಕೆಯೂ ಹುಟ್ಟುತ್ತದೆ. ಆದರೆ ನಿನಗೆಂದು 40 ನಿಮಿಷ ಕಟ್ಟಿಡು. ಹೊತ್ತು ಮುಳುಗುವಾಗ ಅವಸರದಲ್ಲಿ ತೆಗೆದ ನಿನ್ನ ಕ್ಲೋಸಪ್ಪಿನ ಬೆಳಕು ಅವರದಕ್ಕೆ ಕೂಡುವುದಿಲ್ಲ, ಆಮೇಲೆ ಬಿಟ್ಟುಹೋದದ್ದನ್ನು ತೆಗೆಯುವ ಪ್ಯಾಚ್‌ವರ್ಕಿಗೆ ಮತ್ತೆ ಎಲ್ಲರ ಕಾಲ್‌ಶೀಟ್, ಅಂದರೆ ಬಿಡುವಿನ ದಿನ ಕೇಳಬೇಕು. ಪ್ರತಿ ಟೇಕನ್ನೂ ತಿರುಗಿಸಿ ನೋಡುವ ಚಟ ಬೇಡ. ಎರಡು ನಿಮಿಷದ ಶಾಟಿನ ಐದು ಟೇಕ್ ನೋಡಿದರೆ ಹತ್ತು ನಿಮಿಷ, ಚರ್ಚೆ ಸೇರಿ ಇಪ್ಪತ್ತು. ದಿನಕ್ಕೆ ಆರು ಶಾಟಿಗೆ ಹೀಗೆ ಮಾಡಿದರೆ ಎರಡು ಗಂಟೆ ಹೋಯಿತು. ಅಸೋಸಿಯೇಟ್ ಸರಿ ಎಂದ ಒಂದನ್ನು ಮಾತ್ರ ನೋಡು.

ಕಂಟಿನ್ಯುಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲ ಹೊಂದಿದೆಯೇ ಎಂದು ನೋಡುವ ಸಹಾಯಕರಿಗೆ ನಿನ್ನ ಪಾತ್ರದ ಹೊಣೆ ಬೇರೆಯಾಗಿ ವಹಿಸು. ಬೇರೆ ನಟರ ಅಂಗಿಯ ಗುಂಡಿಯನ್ನು ನೀನೇ ಗಮನಿಸುತ್ತೀಯೆ, ನಿನ್ನ ಕೈಗಡಿಯಾರ ಯಾವ ಕೈಯಲ್ಲಿತ್ತು ಎಂದು ಮರೆಯುತ್ತೀಯೆ. ಕಾಫಿ ಲೋಟ ಯಾವ ಪದಕ್ಕೆ ಕೆಳಗಿಟ್ಟೆ ಎಂಬುದನ್ನು ಸೀನ್ ಪೇಪರಿನಲ್ಲೇ ಗುರುತು ಹಾಕಿಸು.

ಧ್ವನಿಯ ಬಗ್ಗೆ ಶಂಕರ್‌ಗೆ ಇದ್ದ ಕಾಳಜಿ ನಿನಗೂ ಬರಲಿ. ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡಬೇಕಿದ್ದ ದಿನಗಳಲ್ಲಿ ಅವರು ಬೆಂಗಳೂರಿನಲ್ಲೇ 'ಸಂಕೇತ್' ಎಲೆಕ್ಟ್ರಾನಿಕ್ ಸ್ಟುಡಿಯೋ ಕಟ್ಟಿದರು. ಡಬ್ಬಿಂಗ್ ಇದೆಯಲ್ಲ ಎಂದು ಲೊಕೇಶನ್ ಧ್ವನಿಯನ್ನು ಕಡೆಗಣಿಸಬೇಡ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಬರೀ ಜಾಗದ ಸದ್ದು ಹಿಡಿಸಿಕೋ. ನಿಶ್ಶಬ್ದ ಎನ್ನುವುದು ಮನೆಗೊಂದು ಬಗೆ. ಹೆಂಚಿನ ಮನೆಯದ್ದು ಬೇರೆ, ಆರ್‌ಸಿಸಿ ಮನೆಯದ್ದು ಬೇರೆ. ಶಾಟ್ ಮುಗಿದ ಕೂಡಲೇ ಅದೇ ಉಸಿರಿನಲ್ಲಿ ಮಾತುಗಳನ್ನು ಕ್ಯಾಮೆರಾ ಇಲ್ಲದೆ ಇನ್ನೊಮ್ಮೆ ಹೇಳಿಸಿ ಇಟ್ಟುಕೊಂಡರೆ ಮೂರು ತಿಂಗಳ ನಂತರ ಡಬ್ಬಿಂಗ್ ಕೋಣೆಯಲ್ಲಿ ಆ ಭಾವ ಹುಡುಕುವ ಕಷ್ಟ ತಪ್ಪುತ್ತದೆ.

ಯೋಜನೆ ಅಂದರೆ ಏನೆಂದು ತಿಳಿಯಲು ಶಂಕರ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ ಸಾಕು. ಮೊದಲ ಕಂತಿನಲ್ಲಿ 39 ಭಾಗ. ಒಂದೊಂದು ಸುಮಾರು 22 ನಿಮಿಷವೆಂದರೂ 858 ನಿಮಿಷ, ಅಂದರೆ ಆರು ಸಿನಿಮಾದಷ್ಟು. ಆರಂಭದ ಕೆಲವು ಭಾಗಗಳನ್ನು ಹಿಂದಿ, ಇಂಗ್ಲಿಷ್ ಎರಡರಲ್ಲೂ ತೆಗೆದರು. ಆಗುಂಬೆಯನ್ನೇ ಮಾಲ್ಗುಡಿ ಮಾಡಿಕೊಂಡು, ಅಲ್ಲಿನ 'ದೊಡ್ಡಮನೆ'ಯಂಥ ಇದ್ದ ಮನೆಗಳನ್ನೇ ಬಳಸಿದರು. ನೂರು ಲೊಕೇಶನ್ನಿಗೆ ಅಲೆದಿದ್ದರೆ ಅಷ್ಟು ಕೆಲಸ ಸಾಧ್ಯವಿತ್ತೇ? ನಿನ್ನ ಕಥೆಯಲ್ಲಿ ಹನ್ನೊಂದು ಜಾಗಗಳಿವೆ ಎಂದು ಕೇಳಿದೆ. ಒಂದೇ ಊರಿನ ನಾಲ್ಕೈದು ಕಿಲೋಮೀಟರ್ ಒಳಗೆ ಅದನ್ನು ಆರಕ್ಕೆ ಇಳಿಸು. ಯೂನಿಟ್ ಒಮ್ಮೆ ಜಾಗ ಬದಲಿಸಿದರೆ ಕಟ್ಟಿ, ಹೊತ್ತು, ಮತ್ತೆ ಬಿಚ್ಚುವುದರಲ್ಲಿ ಮೂರು ಗಂಟೆ. ಮಲೆನಾಡೆಂದರೆ ಮಳೆಯ ಲೆಕ್ಕವೂ ಬೇಕು. ಹೊರಾಂಗಣ ಇಟ್ಟ ಪ್ರತಿ ದಿನಕ್ಕೂ ಪಕ್ಕದಲ್ಲೇ ಒಂದು ಒಳಾಂಗಣ ದೃಶ್ಯ, ಅದರ ಬಟ್ಟೆ, ನಟರು ಸಿದ್ಧವಿರಲಿ.

ದುಡ್ಡಿನ ವಿಷಯ ಚಿಕ್ಕದಾಗಿ. ನಟನೆಗೊಂದು ಕರಾರು, ನಿರ್ದೇಶನಕ್ಕೊಂದು ಕರಾರು, ಬೇರೆ ಬೇರೆ ಕಾಗದದಲ್ಲಿ ಮಾಡಿಸು. ಒಂದೇ ಮೊತ್ತಕ್ಕೆ ಎರಡನ್ನೂ ಸೇರಿಸಿದರೆ ನಡುವೆ ಮನಸ್ತಾಪ ಬಂದು ನಿರ್ದೇಶಕನನ್ನು ಬದಲಾಯಿಸಿದಾಗ ನಿನ್ನ ಕೈಗೆ ಏನು ಬರಬೇಕೆಂದು ಯಾರೂ ಹೇಳಲಾರರು. ಕೊನೆಯ ಕಂತು ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದ ದಿನಕ್ಕೆ ಬೇಡ, ಸಿದ್ಧವಾದ ಚಿತ್ರದ ಮೊದಲ ಪ್ರತಿ ಕೈಗಿಡುವ ದಿನಕ್ಕೆ ಇರಲಿ. ಆಗ ಅವರಿಗೂ ನಿನಗೂ ಸಂಕಲನ ಮುಗಿಸುವ ಆತುರ ಒಂದೇ ಆಗಿರುತ್ತದೆ. ಬಜೆಟ್ಟಿನ ನೂರಕ್ಕೆ ಹತ್ತನ್ನು ಮುಟ್ಟದೆ ಇಡಲು ಹೇಳು. ಬೇರೆಯವರ ಚಿತ್ರಗಳಲ್ಲಿ ನಟಿಸುವುದನ್ನು ನಿಲ್ಲಿಸಬೇಡ. ಹನ್ನೆರಡು ವರ್ಷದಲ್ಲಿ ಶಂಕರ್ 80ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ನಿರ್ದೇಶಕನಾದವನು ಇನ್ನೊಬ್ಬರ ಸೆಟ್ಟಿನಲ್ಲಿ ನಟನಾಗಿ ನಿಂತಾಗ ಕಲಿಯುವುದು ಬೇಕಾದಷ್ಟಿದೆ. ನಾಟಕವನ್ನೂ ಬಿಡಬೇಡ, ಸಿನಿಮಾದ ಗದ್ದಲದ ನಡುವೆಯೇ ಅವರು ಹೆಂಡತಿ ಅರುಂಧತಿ ಜೊತೆ ಸೇರಿ 'ಸಂಕೇತ್' ತಂಡದಿಂದ ನಾಟಕ ಆಡಿಸುತ್ತಿದ್ದರು.

ಸಂಕಲನದಲ್ಲಿ ಮೊದಲ ಜೋಡಣೆ ನೀನಿಲ್ಲದೆ ಆಗಲಿ. ಎರಡು ವಾರ ಸಂಕಲನಕಾರರಿಗೆ ಬಿಟ್ಟುಕೊಡು. ಆಮೇಲೆ ಕೂತಾಗ ಒಮ್ಮೆ ಪೂರ್ತಿ ಚಿತ್ರವನ್ನು ಸದ್ದು ಆರಿಸಿ ನೋಡು. ನಿನ್ನ ಮುಖ ಎಲ್ಲೆಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದೆ ಎಂದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಅಲ್ಲೆಲ್ಲ ಕೇಳುತ್ತಿರುವವರ ಮುಖ ಹಾಕಿಸಿ ನೋಡು.

ಇನ್ನೊಂದು ಮಾತು, ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತವಾಗಿ ಶಂಕರ್ ಹೋದಾಗ ವಯಸ್ಸು 35. ನಟನೆ, ನಿರ್ದೇಶನ ಎರಡೂ ಹೊತ್ತವನಿಗೆ ರಾತ್ರಿ ಪ್ರಯಾಣ ಸುಲಭವಾಗಿ ಅಭ್ಯಾಸವಾಗುತ್ತದೆ: ಸಂಜೆ ಇಲ್ಲಿ ಪ್ಯಾಕಪ್, ಬೆಳಿಗ್ಗೆ ಅಲ್ಲಿ ಮೊದಲ ಶಾಟ್. ನಿನ್ನ ಯೂನಿಟ್ಟಿನಲ್ಲಿ ಪ್ಯಾಕಪ್ ಆದ ಮೇಲೆ ಯಾರೂ, ಡ್ರೈವರ್ ಸೇರಿ, ರಾತ್ರಿ ರಸ್ತೆಗಿಳಿಯಬಾರದು ಎಂದು ಮ್ಯಾನೇಜರಿಗೆ ಬರೆದು ಕೊಡು. ಊರು ಬದಲಿಸುವ ದಿನವನ್ನು ಶೆಡ್ಯೂಲಿನಲ್ಲೇ ಪ್ರಯಾಣದ ದಿನವೆಂದು ತೋರಿಸು. ಒಂದು ದಿನದ ಬಾಟಾ (ದಿನಭತ್ಯೆ), ಲಾಡ್ಜಿನ ಬಾಡಿಗೆ ಹೆಚ್ಚಾಗುತ್ತದೆ, ಆಗಲಿ.

ದೃಶ್ಯಗಳ ಪಕ್ಕ ನಿಮಿಷ ಬರೆದ ಪಟ್ಟಿಯನ್ನು ಮುಂದಿನ ವಾರದೊಳಗೆ ಕಳಿಸು. ಎದುರಿನವರ ಕಡೆಯಿಂದ ಬರೆದ ಐದು ದೃಶ್ಯಗಳನ್ನೂ ಜೊತೆಗಿಡು, ಮೊದಲು ಅವನ್ನೇ ಓದುತ್ತೇನೆ.

ನಿನ್ನ ದೊಡ್ಡಪ್ಪ