ಗಾಳಿ ಇದ್ದರೂ ಗಾಳಿಯಂತ್ರ ನಿಲ್ಲುವುದೇಕೆ?

ಮಾನ್ಯ ಸಂಪಾದಕರೇ,

‘ಇಷ್ಟು ಗಾಳಿ ಬೀಸುವಾಗ ಗಾಳಿಯಂತ್ರ ಯಾಕೆ ನಿಲ್ಲಿಸುತ್ತಾರೆ?’ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಮೂವತ್ತು ವರ್ಷ ಗ್ರಿಡ್ (ಎಲ್ಲೆಡೆಗೆ ಕರೆಂಟು ಸಾಗಿಸುವ ಜಾಲ) ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿದವನು ನಾನು. ‘ನಿಲ್ಲಿಸಿ’ ಎಂದು ಫೋನಿನಲ್ಲಿ ಹೇಳಿ, ಗಾಳಿಯಂತ್ರದವರಿಂದ ಬೈಸಿಕೊಂಡವನೂ ನಾನೇ.

ನಮ್ಮೆದುರಿನ ಗೋಡೆಯಲ್ಲಿ ಒಂದೇ ಅಂಕಿ ದೊಡ್ಡದಾಗಿ ಕಾಣುತ್ತಿತ್ತು. ಫ್ರೀಕ್ವೆನ್ಸಿ. ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬ ಲೆಕ್ಕ. ಅದು 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ಬಳಕೆಗಿಂತ ಉತ್ಪಾದನೆ ಹೆಚ್ಚಾದರೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ರಾತ್ರಿ ಎರಡು ಗಂಟೆ, ಎಲ್ಲರೂ ಮಲಗಿದ್ದಾರೆ, ಹೊರಗೆ ಗಾಳಿ ಭೋರೆನ್ನುತ್ತಿದೆ. ಅಂಕಿ 50.05, 50.10 ಅಂತ ಹತ್ತತೊಡಗುತ್ತದೆ. ಆಗ ಜಲಾಶಯದ ಟರ್ಬೈನಿನ ಉತ್ಪಾದನೆ ಇಳಿಸುತ್ತಿದ್ದೆವು. ನೀರು ಎಲ್ಲೂ ಹೋಗುವುದಿಲ್ಲ, ಮೇಲೇ ಉಳಿಯುತ್ತದೆ. ಗಾಳಿಯ ಕರೆಂಟು ನೀರಾಗಿ ಜಮೆಯಾಯಿತು ಎಂದೇ ಲೆಕ್ಕ. ಸಂಜೆ ಗಾಳಿ ತಗ್ಗಿದಾಗ ಅದೇ ಟರ್ಬೈನ್ ಕೆಲವೇ ನಿಮಿಷಗಳಲ್ಲಿ ಬೇಡಿಕೆಯ ಹೊರೆ ಹೊರುತ್ತದೆ.

ಫಜೀತಿ ಆಗುವುದು ಮಳೆಗಾಲದಲ್ಲಿ. ಅಣೆಕಟ್ಟೆ ತುಂಬಿರುವಾಗ ಟರ್ಬೈನ್ ನಿಲ್ಲಿಸಿದರೆ ನೀರು ಸುಮ್ನೆ ಹೊಳೆ ಪಾಲು. ಕಲ್ಲಿದ್ದಲಿನ ಯೂನಿಟ್ಟನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸಲು ಆಗದು. ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು, ಬೆಳಿಗ್ಗೆಗೆ ಅದು ಬೇಕೇ ಬೇಕು. ಉಳಿದದ್ದು ಗಾಳಿಯಂತ್ರ. ಅದರ ರೆಕ್ಕೆ ಓರೆ ಮಾಡಿದರೆ ಮುಗಿಯಿತು. ಸುಲಭದ್ದಕ್ಕೇ ಮೊದಲ ಪೆಟ್ಟು, ಅಲ್ವಾ?

ಹಾಗಂತ ಗಾಳಿಯನ್ನೇ ನಂಬಿ ಕೂರುವಂತೆಯೂ ಇಲ್ಲ. ವೇಗ ಸೆಕೆಂಡಿಗೆ 10 ಮೀಟರಿನಿಂದ 8ಕ್ಕೆ ಇಳಿದರೆ ಸಾಕು, ಕರೆಂಟು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಿಟಕಿಯಾಚೆಯ ಮರ ನೋಡಿದರೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಸ್ಪೇನಿನ ಎಲ್ ಯೆರ್ರೊ ದ್ವೀಪದಲ್ಲಿ 2014ರಲ್ಲಿ ಶುರುವಾದ ಸ್ಥಾವರವೊಂದಿದೆ. ಜಾಸ್ತಿ ಗಾಳಿ ಇದ್ದಾಗ ಹಳೇ ಜ್ವಾಲಾಮುಖಿಯ ಕುಳಿಗೆ ನೀರೆತ್ತುತ್ತಾರೆ, ಗಾಳಿ ಇಲ್ಲದಾಗ ಅದನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುತ್ತಾರೆ. ನೀರೆತ್ತಿ ಇಳಿಸುವ ಸ್ಥಾವರಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು–ಇಪ್ಪತ್ತೈದು ಯೂನಿಟ್ ನಷ್ಟವಾಗುತ್ತದೆ, ನಿಜ. ಯಂತ್ರ ನಿಲ್ಲಿಸಿದರೆ ನೂರೂ ನಷ್ಟ. ಗಾಳಿಯಂತ್ರ ನೆಡುವ ಯೋಜನೆಯಲ್ಲೇ ನೀರೆತ್ತುವ ಜಾಗವನ್ನೂ ಸೇರಿಸಿ ಎಂದು ನಾನು ನೌಕರಿಯಲ್ಲಿದ್ದಾಗಲೂ ಬರೆದಿದ್ದೆ. ಆ ಕಡತ ಈಗ ಎಲ್ಲಿದೆಯೋ!

ನೀವು ಜಲಾಶಯಗಳ ನೀರಿನ ಮಟ್ಟ ದಿನಾ ಹಾಕುತ್ತೀರಿ. ಅದರ ಕೆಳಗೇ, ಹಿಂದಿನ ದಿನ ಗಾಳಿಯಿಂದ ಎಷ್ಟು ಯೂನಿಟ್ ಬಂತು, ಎಷ್ಟನ್ನು ನಿಲ್ಲಿಸಬೇಕಾಯಿತು ಎಂದು ಎರಡು ಸಾಲು ಸೇರಿಸಲು ಸಾಧ್ಯವೇ?

– ನಿವೃತ್ತ ಗ್ರಿಡ್ ಎಂಜಿನಿಯರ್