ಹೊಸ ಪ್ರಭೇದದ ಮೊದಲ ಜೀವಿ ಯಾವುದು?

ಪ್ರಿಯ ಗೆಳೆಯ,

ಹೋದ ಪತ್ರದಲ್ಲಿ ನೀನು ಕೇಳಿದ ಪ್ರಶ್ನೆ ವಾರವಿಡೀ ನನ್ನನ್ನು ಕಾಡಿತು. ಹೊಸ ಪ್ರಭೇದವೊಂದು ಹುಟ್ಟುವುದಾದರೆ ಅದರ ಮೊಟ್ಟಮೊದಲ ಜೀವಿ ಎಂದು ಒಂದಿರಲೇಬೇಕಲ್ಲ, ಅದಕ್ಕೆ ಜೋಡಿ ಎಲ್ಲಿಂದ ಸಿಗಬೇಕು ಎಂದಿದ್ದೆ. ಬಹುಮಟ್ಟಿಗೆ ಅಂಥ ಮೊದಲ ಜೀವಿಯೇ ಇರುವುದಿಲ್ಲ. ಬದಲಾಗುವುದು ಒಂಟಿ ಜೀವಿಯಲ್ಲ, ತಮ್ಮತಮ್ಮಲ್ಲೇ ಕೂಡುವ ಒಂದಿಡೀ ಸಮೂಹ. ತಾಯಿ ಒಂದು ಪ್ರಭೇದ, ಮಗಳು ಇನ್ನೊಂದು ಎಂದು ಗೆರೆ ಎಳೆಯಲು ಯಾವ ತಲೆಮಾರಿನಲ್ಲೂ ಜಾಗ ಸಿಗುವುದಿಲ್ಲ.

ಆಫ್ರಿಕದ ವಿಕ್ಟೋರಿಯಾ ಸರೋವರವನ್ನೇ ತೆಗೆದುಕೋ. ಸುಮಾರು 15,000 ವರ್ಷಗಳ ಹಿಂದೆ ಅದು ಬತ್ತಿ ಮತ್ತೆ ತುಂಬಿಕೊಂಡಿತು. ಭೂಮಿಯ ಲೆಕ್ಕದಲ್ಲಿ ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಅಲ್ಲಿ ಸಿಕ್ಲಿಡ್ ಗುಂಪಿನ ಮೀನುಗಳು ಸುಮಾರು 500 ಪ್ರಭೇದಗಳಾಗಿ ಕವಲೊಡೆದವು. ಅವುಗಳಲ್ಲಿ ಪುಂಡಾಮಿಲಿಯಾ ಕುಲದ ಎರಡು ಪ್ರಭೇದಗಳು ಒಂದೇ ಬಂಡೆಯ ಇಳಿಜಾರಿನಲ್ಲಿ ಮೇಲೊಂದು, ಕೆಳಗೊಂದು ಬದುಕುತ್ತವೆ. ಮೇಲಿನದರ ಗಂಡು ನೀಲಿ, ಆಳದ್ದರ ಗಂಡು ಕೆಂಪು. ಹೆಣ್ಣುಗಳಾದರೋ ಮಾಸಲು ಬಣ್ಣದವು, ಒಂದನ್ನು ಬಿಟ್ಟು ಇನ್ನೊಂದನ್ನು ಗುರುತಿಸುವುದೇ ಕಷ್ಟ. ಆ ನೀರಿನಲ್ಲಿ ನೀಲಿ ಬೆಳಕು ಮೇಲೆಯೇ ಸೋಸಿಹೋಗಿ ಕೆಂಪು ಬೆಳಕು ಮಾತ್ರ ಆಳಕ್ಕಿಳಿಯುವುದರಿಂದ ಆಳದ ಮೀನುಗಳ ಕಣ್ಣು ಕೆಂಪಿಗೆ ಹದಗೊಂಡಿತು, ಹಾಗೆ ಹದಗೊಂಡ ಕಣ್ಣಿನ ಹೆಣ್ಣು ಕೆಂಪು ಗಂಡನ್ನೇ ಆರಿಸಿಕೊಂಡಿತು. ಸ್ವಾರಸ್ಯವೆಂದರೆ, ಇವೆರಡೂ ಕೂಡಿದರೆ ಹುಟ್ಟುವ ಮರಿಗಳು ಆರೋಗ್ಯವಾಗಿಯೇ ಇರುತ್ತವೆ, ಅವಕ್ಕೂ ಮರಿಗಳಾಗುತ್ತವೆ. ಅವುಗಳ ನಡುವೆ ಬೇಲಿಯಾಗಿ ನಿಂತಿರುವುದು ಹೆಣ್ಣಿನ ಕಣ್ಣು.

ಆ ಬೇಲಿಯನ್ನು ಕೀಳಲು ಯಾರನ್ನೂ ಕೊಲ್ಲಬೇಕಾಗಿಲ್ಲ. ಪ್ರಯೋಗಾಲಯದ ತೊಟ್ಟಿಯ ಮೇಲೆ ಬಣ್ಣಗಳ ಭೇದವಳಿಸುವ ಕಿತ್ತಳೆ ದೀಪ ಹಾಕಿದಾಗ ಹೆಣ್ಣುಗಳಿಗೆ ಆಯ್ಕೆಯೇ ಸಾಧ್ಯವಾಗಲಿಲ್ಲ. ಸರೋವರದಲ್ಲಿ ಆದದ್ದೂ ಇದೇ: ಹೊಲಗಳ ಗೊಬ್ಬರವೂ ಊರುಗಳ ಕೊಳಚೆಯೂ ಸೇರಿ ನೀರು ರಾಡಿಯಾದ ಕಡೆಗಳಲ್ಲಿ ಎರಡು ಪ್ರಭೇದಗಳು ಬೆರೆತು ನಡುಬಣ್ಣದ ಒಂದೇ ಮೀನಾಗಿ ಉಳಿದವು. 1950ರ ದಶಕದಲ್ಲಿ ಅಲ್ಲಿಗೆ ತಂದುಬಿಟ್ಟ ನೈಲ್ ಪರ್ಚ್ ಎಂಬ ದೈತ್ಯ ಮೀನು ತಿಂದು ಮುಗಿಸಿದ ಪ್ರಭೇದಗಳ ಕಥೆ ಎಲ್ಲರಿಗೂ ಗೊತ್ತು. ಹೀಗೆ ಒಂದು ಹೆಣವೂ ಬೀಳದೆ ಆದ ಅಳಿವಿನ ಬಗ್ಗೆ ಮಾತನಾಡುವವರು ಕಡಿಮೆ. ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತೆಂದು ದಿನಾಂಕ ಸಹಿತ ಹೇಳುತ್ತೇವೆ. ಬೆರೆತುಹೋದ ಮೀನಿಗೆ ಅಂಥ ತಿಥಿಯಿಲ್ಲ.

ಸಸ್ಯಗಳ ಮಾತು ಬೇರೆ, ಅಲ್ಲಿ ನಿನ್ನ ಪ್ರಶ್ನೆಗೆ ಸ್ವಲ್ಪ ಬಲವಿದೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನ ಒಂದು ಹಳದಿ ಹೂವಿನ ಗಿಡ ಆಕ್ಸ್‌ಫರ್ಡಿನ ಸಸ್ಯೋದ್ಯಾನದಿಂದ ತಪ್ಪಿಸಿಕೊಂಡು, ಲಾವಾದ ನೆಲವನ್ನೇ ಹೋಲುವ ರೈಲುಹಳಿಯ ಜಲ್ಲಿಯ ಗುಂಟ ಬ್ರಿಟನ್ನಿನಲ್ಲೆಲ್ಲ ಹಬ್ಬಿತು. ಅದು ಅಲ್ಲಿನ ಸಾಮಾನ್ಯ ಕಳೆಯೊಂದರ ಜೊತೆ ಬೆರೆತು ಹುಟ್ಟಿದ ಸಂಕರ ಗಿಡ 1979ರಲ್ಲಿ ಯಾರ್ಕ್ ನಗರದ ರೈಲು ನಿಲ್ದಾಣದ ಹತ್ತಿರ ಕಣ್ಣಿಗೆ ಬಿತ್ತು. ಈ ಗಿಡಕ್ಕೆ ಜೋಡಿಯ ಚಿಂತೆಯಿಲ್ಲ. ತನ್ನ ಪರಾಗದಿಂದ ತಾನೇ ಬೀಜ ಕಟ್ಟುವುದರಿಂದ ತಂದೆತಾಯಿ ಪ್ರಭೇದಗಳಿಂದ ದೂರವೇ ಉಳಿಯಿತು. ಸೆನೆಸಿಯೊ ಎಬೊರಾಸೆನ್ಸಿಸ್ ಎಂಬ ನಾಮಕರಣ ಆದದ್ದು 2003ರಲ್ಲಿ. ಅಷ್ಟರಲ್ಲಿ ಕಳೆನಾಶಕದ ಹೊಡೆತಕ್ಕೆ ಸಿಕ್ಕಿ ಗಿಡವೇ ಕಾಣೆಯಾಗಿತ್ತು. ತೊಟ್ಟಿಲಲ್ಲಿ ಮಗುವಿಲ್ಲದ ನಾಮಕರಣ! ಬೀಜಗಳನ್ನು ತೆಗೆದಿಟ್ಟಿದ್ದರು, ಹಾಗಾಗಿ 2023ರಲ್ಲಿ ಯಾರ್ಕಿನ ಮಣ್ಣಿಗೆ ಅದು ಮರಳಿತು.

ಈಗ ನನ್ನದೊಂದು ಪ್ರಶ್ನೆ. ಆ ಬೀಜಗಳೂ ಉಳಿದಿರಲಿಲ್ಲವೆಂದುಕೋ. ತಂದೆತಾಯಿ ಪ್ರಭೇದಗಳೆರಡೂ ಇನ್ನೂ ಇವೆ, ನಾಳೆ ಇನ್ನಾವುದೋ ಹಳಿಯ ಪಕ್ಕದಲ್ಲಿ ಅವು ಮತ್ತೆ ಬೆರೆತು ಅಂಥದ್ದೇ ಗಿಡ ಮೊಳೆತರೆ ಅದನ್ನು ಹಳೆಯ ಹೆಸರಿನಿಂದ ಕರೆಯುತ್ತೀಯೋ, ಹೊಸದೆನ್ನುತ್ತೀಯೋ? ಬರೆದು ತಿಳಿಸು.

ನಿನ್ನ ಗೆಳೆಯ